ಅಲ್ಲಿ ಮೊದ್ಲು ಏನಿತ್ತು?

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಾದಾಗ ಓದಿ.

ನಮ್ಮ ಚಿಕ್ಕಪ್ಪನಿಗೆ ಈಗ 67. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ 31 ವರ್ಷ ದುಡಿದು ರಿಟೈರ್ ಆದವರು. ಗೊರಗುಂಟೆಪಾಳ್ಯದಲ್ಲಿ ನಮ್ಮ ಬೀದಿಯಲ್ಲೇ ಮೂರನೇ ಮಹಡಿ ಮನೆ, ಲಿಫ್ಟ್ ಇಲ್ಲ. ಚಿಕ್ಕಮ್ಮನಿಗೆ ಎರಡೂ ಮಂಡಿ ಹೋಗಿವೆ, ಕೆಳಗಿಳಿದು ತಿಂಗಳಾಯ್ತು. ಮಗ ಪುಣೆಯಲ್ಲಿ. ಹಾಗಾಗಿ ದೊಡ್ಡಬಳ್ಳಾಪುರದ ಕಡೆ ಕಟ್ಟುತ್ತಿರುವ, ವಯಸ್ಸಾದವರಿಗೇ ಅಂತ ಇರೋ ಅಪಾರ್ಟ್‌ಮೆಂಟ್ ಒಂದರಲ್ಲಿ ಮನೆ ತಗೊಳ್ಳೋಕೆ ಮನಸ್ಸು ಮಾಡಿದ್ರು. ನರ್ಸು, ಆಂಬುಲೆನ್ಸು, ಬಚ್ಚಲಲ್ಲಿ ಹಿಡಿದುಕೊಳ್ಳೋಕೆ ಕಂಬಿ, ಎಲ್ಲಾ ಇದೆ. ಊಟದ ಹಾಲ್ ಮಾತ್ರ 'ಪ್ಯೂರ್ ವೆಜ್'. ಚಿಕ್ಕಪ್ಪ ಅದನ್ನೂ ನುಂಗಿಕೊಂಡ್ರು. "ಮನೇಲಿ ಮಾಡ್ಕೊಂಡ್ ತಿಂದ್ರಾಯ್ತು ಬಿಡಮ್ಮ" ಅಂದ್ರು. (ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ.)

ಜಾಗ ನೋಡೋಕೆ ನಾನೂ ಹೋಗಿದ್ದೆ. ಚಿಕ್ಕಪ್ಪ ಕೇಳಿದ ಮೊದಲ ಪ್ರಶ್ನೆ: "ಇಲ್ಲಿ ಮೊದ್ಲು ಏನಿತ್ತು? ಫ್ಯಾಕ್ಟರಿ ಗೀಕ್ಟರಿ ಇತ್ತಾ?" ಪೀಣ್ಯದಲ್ಲಿ ದುಡಿದವರಿಗೆ ಈ ಪ್ರಶ್ನೆ ತಾನಾಗೇ ಬರುತ್ತೆ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರೋದು ಪರೀಕ್ಷೆಗಳಲ್ಲೇ ದಾಖಲಾಗಿದೆ. ಪಕ್ಕದ ಜಾಲಹಳ್ಳಿಯ ಎಚ್‌ಎಂಟಿ ಜಾಗದ ಕಥೆಯೂ ಗೊತ್ತಲ್ಲ, 2024ರಲ್ಲಿ ಅರಣ್ಯ ಇಲಾಖೆ ಆ 599 ಎಕರೆ ಅರಣ್ಯದ್ದು ಅಂತ ವಾಪಸ್ ಕೇಳೋ ಹೊತ್ತಿಗೆ ಒಂದಷ್ಟು ಭಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದು ಜನ ಸಂಸಾರ ಹೂಡಿದ್ರು.

ಸೇಲ್ಸ್ ಹುಡುಗ ನಕ್ಕ. "ಏನೂ ಇರ್ಲಿಲ್ಲ ಸಾರ್. ಬರೀ ಹೊಲ."

ಚಿಕ್ಕಪ್ಪನಿಗೆ ಸಮಾಧಾನ ಆಯ್ತು, ನನಗೆ ಆಗ್ಲಿಲ್ಲ. ಹೊಲ ಸರಿ, ಯಾರ ಹೊಲ?

ಗುಮಾಸ್ತೆಯಾಗಿ 19 ವರ್ಷದಿಂದ ಕಡತ ತಿರುವೋದೇ ನನ್ನ ಕೆಲಸ. ಅವರು ಕೊಟ್ಟ ಫೈಲಿನಲ್ಲಿ ಎಲ್ಲವೂ ನೀಟಾಗಿತ್ತು: ರೇರಾ ನಂಬರು, ಭೂಪರಿವರ್ತನೆ ಆದೇಶ, 30 ವರ್ಷದ ಇ.ಸಿ. ಆದರೆ ಕ್ರಯಪತ್ರಗಳು ಶುರುವಾಗೋದೇ 1994ರಿಂದ. ಸರ್ವೆ ನಂಬರಿನ ಪಕ್ಕದಲ್ಲಿ ಒಂದು 'ಪಿ'. ಪೈಕಿ ನಂಬರು. ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಚೀಟಿ ಕೊಟ್ಟು, ಪೋಡಿ ಆಗದೇ ಉಳಿದ ಕಡೆ ಇದು ಸಾಮಾನ್ಯವಾಗಿ ಕಾಣುತ್ತೆ. ಇ.ಸಿ.ಯಲ್ಲಿ ಬರೋದು ನೋಂದಣಿ ಆದ ವ್ಯವಹಾರ ಮಾತ್ರ. ಮಂಜೂರಾತಿ ಹುಡುಕಬೇಕಂದ್ರೆ ಕೈಬರಹದ ಪಹಣಿಗೆ, ಮ್ಯುಟೇಶನ್ ರಿಜಿಸ್ಟರಿಗೇ ಹೋಗಬೇಕು. ಅರ್ಜಿ ಹಾಕಿ, ಮೂರು ಸಲ ಅಲೆದು ನಕಲು ತಗೊಂಡೆ. 1971ರಲ್ಲಿ 2 ಎಕರೆ ಮಂಜೂರು. ಹೆಸರು, ಬಿನ್, ಅಪ್ಪನ ಹೆಸರು, ಪಕ್ಕದಲ್ಲಿ ಎರಡಕ್ಷರ: ಎ.ಕೆ. 15 ವರ್ಷ ಪರಭಾರೆ ಮಾಡಬಾರದು ಅನ್ನೋ ಷರತ್ತು. 1983ರಲ್ಲಿ ಜಮೀನು ಬೇರೆಯವರ ಹೆಸರಿಗೆ ಹೋಗಿದೆ.

ಪಿಟಿಸಿಎಲ್ ಗೊತ್ತಿಲ್ಲದ ಹೊಸ ಹುಡುಗರಿಗೆ: ಇದು 1978ರ ಕಾಯ್ದೆ. ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಷರತ್ತು ಮೀರಿ ಮಾರಿದ್ರೆ, ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ರೆ, ಆ ಕ್ರಯವೇ ಅಸಿಂಧು. ಎಸಿ ಅದನ್ನ ಬಿಡಿಸಿ ಮಂಜೂರುದಾರನಿಗೋ ವಾರಸುದಾರರಿಗೋ ಕೊಡಿಸಬೇಕು. ಸುಪ್ರೀಂ ಕೋರ್ಟು 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಇದನ್ನ ಎತ್ತಿ ಹಿಡೀತು. ಅದೇ ಕೋರ್ಟು 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಬಹಳ ತಡವಾಗಿ ಬಂದ ಅರ್ಜಿ ನಡೆಯಲ್ಲ ಅಂತು. ಅಲ್ಲಿಂದ ಅರ್ಜಿಗಳು ಸಾಲುಸಾಲಾಗಿ ವಜಾ. ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಕೂತ ಮೇಲೆ 2023ರಲ್ಲಿ 'ಕಾಲಮಿತಿ ಇಲ್ಲ' ಅಂತ ತಿದ್ದುಪಡಿ ಬಂತು. ಆದರೂ ವಿಳಂಬದ ಪ್ರಶ್ನೆ ಕೋರ್ಟುಗಳಲ್ಲಿ ಇನ್ನೂ ಸತ್ತಿಲ್ಲ.

ಫೈಲಿನಲ್ಲಿ 'ಪಿಟಿಸಿಎಲ್ ಪ್ರಕರಣ ಬಾಕಿ ಇಲ್ಲ' ಅಂತ ಒಂದು ಹಿಂಬರಹವೂ ಇತ್ತು. ಇದೊಂದನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ. ಬಾಕಿ ಇಲ್ಲ ಅಂದ್ರೆ ಬಾಕಿ ಇಲ್ಲ ಅಂತ ಅಷ್ಟೇ. ಮಂಜೂರಿ ಜಮೀನಲ್ಲ ಅಂತ ಅರ್ಥ ಅಲ್ಲ.

ಚಿಕ್ಕಪ್ಪನ ಮುಂದೆ ನಕಲು ಇಟ್ಟೆ. ಸಿಟ್ಟು ಬಂತು ಅವರಿಗೆ. "ಲಾಯರ್ ಸರಿ ಇದೆ ಅಂದವ್ರೆ. ಬ್ಯಾಂಕ್ ಲೋನ್ ಕೊಡ್ತದೆ. ನಿನ್ ಹೋರಾಟಕ್ಕೆ ನನ್ ಹೆಂಡ್ತಿ ಮಂಡಿ ಯಾಕಮ್ಮ ಬಲಿ ಆಗ್ಬೇಕು?" ಉತ್ತರ ಇರಲಿಲ್ಲ ನನ್ನ ಹತ್ರ. ಬೀದಿಯಲ್ಲಿ ಘೋಷಣೆ ಕೂಗೋದು ಸುಲಭ, ಚಿಕ್ಕಮ್ಮನ್ನ ಆ ಮೆಟ್ಟಿಲು ಇಳಿಸೋದು ಕಷ್ಟ.

ಆದರೂ ಭಾನುವಾರ ನನ್ನ ಜೊತೆ ಆ ಊರಿನ ಕಾಲೋನಿಗೆ ಬಂದ್ರು. ಮಂಜೂರುದಾರನ ಮಗ ಸಿಕ್ಕಿದ್ರು, ಅರವತ್ತು ದಾಟಿದವರು. ಅಕ್ಕನ ಮದುವೆಗೆ ಅಂತ ಸಾಲ, ಸಾಲಕ್ಕೆ ಹೆಬ್ಬೆಟ್ಟು, ಹೆಬ್ಬೆಟ್ಟಿಗೆ ಜಮೀನು. 2015ರಲ್ಲಿ ಅರ್ಜಿ ಹಾಕಿದ್ರಂತೆ. ತಡ ಆಯ್ತು ಅಂತ ವಜಾ ಆಯ್ತಂತೆ. ಬಾಕಿ ಇಲ್ಲ ಅನ್ನೋ ಹಿಂಬರಹ ಸುಳ್ಳೇನಲ್ಲ, ನೋಡಿ.

ನಾವು ಯಾಕೆ ಬಂದಿದ್ದು ಅಂತ ಹೇಳಿದೆ. ಅವರು ಬೈಲಿಲ್ಲ. ಚಿಕ್ಕಪ್ಪನಿಗೆ ಟೀ ಕೊಟ್ಟು, "ತಗೊಳ್ಳಣ್ಣ, ಯಾರೋ ತಗೊಂಡೇ ತಗೊತಾರೆ. ನಮ್ಮೋರು ಒಬ್ರಾದ್ರೂ ಒಳಗಿರ್ಲಿ" ಅಂದ್ರು.

ಚಿಕ್ಕಪ್ಪ ಲೋಟ ಕೈಯಲ್ಲೇ ಹಿಡ್ಕೊಂಡು ಕೂತಿದ್ರು. ಯಲಹಂಕದವರೆಗೂ ಮಾತಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದ್ರು: "ನಮ್ಮಪ್ಪಂದು ಸರ್ವೆ ನಂಬರ್ ಎಷ್ಟಿತ್ತು, ಗೊತ್ತಾ ನಿಂಗೆ?" ನಮ್ಮ ತಾತನಿಗೂ 2 ಎಕರೆ ಇತ್ತು ಅಂತ ಕೇಳಿದ್ದೆ, ಅದು ಹೋಗಿದ್ದೂ ನಮ್ಮ ಅತ್ತೆ ಮದುವೆಯಲ್ಲೇ. ನಂಬರು ನನಗೆ ಗೊತ್ತಿಲ್ಲ ಅಂದೆ. ಬೇರೆಯವರ ಜಮೀನಿನ ಕಡತ ಇಷ್ಟು ವರ್ಷ ಹುಡುಕಿದೀನಿ, ನಮ್ಮದನ್ನ ಒಂದು ದಿನ ಹುಡುಕಿಲ್ಲ.

ಬುಕಿಂಗ್ ದುಡ್ಡು 2 ಲಕ್ಷ ವಾಪಸ್ ಕೇಳಿದೀವಿ. ತಾತನ ಊರಿನ ಹಳೇ ಪಹಣಿಗೆ ಅರ್ಜಿ ಹಾಕಿದೀನಿ. ಗೊರಗುಂಟೆಪಾಳ್ಯ, ಯಶವಂತಪುರ, ಜಾಲಹಳ್ಳಿ ಕಡೆ ನೆಲಮಹಡಿಯಲ್ಲಿ ಅಥವಾ ಲಿಫ್ಟ್ ಇರೋ ಕಡೆ ಎರಡು ರೂಮಿನ ಬಾಡಿಗೆ ಮನೆ ಇದ್ರೆ ಹೇಳಿ. ಜಾತಿ ಕೇಳದ ಓನರ್ ಆಗಿರ್ಲಿ.