ಸಾಲಿನ ನಡುವಿನ ಮನೆ

ಪ್ರೀತಿಯ ಮೇಷ್ಟ್ರೇ,

ಹ್ಯೂಸ್ಟನ್ನಿನಿಂದ ನೀವು ಬರೆದ ಕಾಗದ ಕೈಸೇರಿತು. ಮೊಮ್ಮಗಳ ಶಾಲೆಯ ಬಗ್ಗೆ ಎರಡು ಪುಟ, ಅಲ್ಲಿನ ಸೆಕೆಯ ಬಗ್ಗೆ ಅರ್ಧ ಪುಟ, ಕೊನೆಗೊಂದು ಪ್ರಶ್ನೆ. ಕೌಂಟಿ ಕೌಂಟಿಯ ಮನೆಯ ಆದಾಯವನ್ನು ಪ್ರತಿವರ್ಷ ಪ್ರಕಟಿಸುತ್ತಾರಲ್ಲ, ನಮ್ಮ ಮನೆಗೆ ಯಾರೂ ಕೇಳಲು ಬಂದೇ ಇಲ್ಲ, ಇವರಿಗೆ ಗೊತ್ತಾಗುವುದಾದರೂ ಹೇಗೆ? ಈ ಪ್ರಶ್ನೆ ನನಗೂ ಬಹಳ ಇಷ್ಟದ್ದು. ಅದಕ್ಕೇ ಅವತ್ತೇ ಬರೆಯಲು ಕೂತೆ.

ಅವರು ಹೇಳುವುದು ಸರಾಸರಿಯಲ್ಲ, ಮಧ್ಯಾಂಕ. ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಮನೆಗಳನ್ನೆಲ್ಲ ಕಡಿಮೆ ಆದಾಯದಿಂದ ಹಿಡಿದು ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಮನೆಯ ಆದಾಯ. ತೈಲಬಾವಿಯ ಒಡೆಯನೊಬ್ಬ ಸಾಲಿನ ತುದಿಗೆ ಬಂದು ನಿಂತರೆ ಸರಾಸರಿ ಎತ್ತರಕ್ಕೆ ಜಿಗಿಯುತ್ತದೆ, ನಡುವಿನ ಮನೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಆ ಸಾಲನ್ನು ನಿಜವಾಗಿ ಯಾರೂ ನಿಲ್ಲಿಸುವುದಿಲ್ಲ. ಅಮೆರಿಕದ ಜನಗಣತಿ ಇಲಾಖೆ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳನ್ನು ಆರಿಸಿ ಸಮೀಕ್ಷೆ ಮಾಡುತ್ತದೆ. ಇಡೀ ದೇಶಕ್ಕೆ ಅಷ್ಟೇ. ನಿಮ್ಮ ಮಗಳ ಮನೆಯ ಸರದಿ ಇನ್ನೂ ಬಂದಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕಲ್ಲವೇ? ನೀವಿರುವ ಹ್ಯಾರಿಸ್ ಕೌಂಟಿಯಲ್ಲಿ 2020ರ ಗಣತಿಯ ಹೊತ್ತಿಗೆ 47 ಲಕ್ಷ ಜನ. ಅಲ್ಲಿ ಸಾವಿರಾರು ಅಗುಳು ಸಿಗುತ್ತವೆ, ಉತ್ತರ ಗಟ್ಟಿಯಾಗಿರುತ್ತದೆ. ಅದೇ ಟೆಕ್ಸಸ್‌ನ ಪಶ್ಚಿಮದಲ್ಲಿ ಲವಿಂಗ್ ಎಂಬ ಕೌಂಟಿಯಿದೆ. ಅದೇ ಗಣತಿಯಲ್ಲಿ ಅಲ್ಲಿದ್ದವರು 64 ಜನ! ಸಮೀಕ್ಷೆಗೆ ಸಿಗುವುದು ಬೆರಳೆಣಿಕೆಯ ಮನೆಗಳು. ಒಂದು ಮನೆಯವರು ಊರು ಬಿಟ್ಟರೂ ಲೆಕ್ಕ ತಲೆಕೆಳಗಾದೀತು. 65,000ಕ್ಕಿಂತ ಕಡಿಮೆ ಜನರಿರುವ ಕಡೆ ಒಂದೇ ವರ್ಷದ ಸಮೀಕ್ಷೆಯನ್ನು ನೆಚ್ಚಿ ಅಂಕಿ ಪ್ರಕಟಿಸದಿರುವುದು ಅದಕ್ಕೇ. ದೇಶದ ಮೂರು ಸಾವಿರಕ್ಕೂ ಮಿಕ್ಕಿದ ಕೌಂಟಿಗಳಲ್ಲಿ ಹೆಚ್ಚಿನವು ಈ ಗೆರೆಯ ಕೆಳಗೇ ಇವೆ.

ಹಾಗಾದರೆ ಆ ಕೌಂಟಿಗಳಿಗೆ ಅಂಕಿ ಸಿಗುವುದು ಹೇಗೆ? ಮನೆಯಲ್ಲಿ ಹೆಪ್ಪಿಗೆ ಮೊಸರಿಲ್ಲದಿದ್ದರೆ ಪಕ್ಕದ ಮನೆಯಿಂದ ಒಂದು ಚಮಚ ತರುತ್ತೇವಲ್ಲ, ಇವರೂ ಹಾಗೇ ಮಾಡುತ್ತಾರೆ. ಆದಾಯ ತೆರಿಗೆ ಇಲಾಖೆಯ ಕಡತಗಳು, ಸರ್ಕಾರದ ಆಹಾರ ನೆರವು ಪಡೆಯುವವರ ಎಣಿಕೆ, ಹಿಂದಿನ ಗಣತಿಯ ಅಂಕಿ ಇವೆಲ್ಲ ಪ್ರತಿ ಕೌಂಟಿಗೂ ಲಭ್ಯ. ಅವನ್ನೇ ನೇರವಾಗಿ ನಂಬುವ ಹಾಗಿಲ್ಲ: ಗಳಿಕೆ ತೀರಾ ಕಡಿಮೆಯಿರುವವರು, ಎಷ್ಟೋ ಮಂದಿ ವೃದ್ಧರು ತೆರಿಗೆ ವಿವರ ಸಲ್ಲಿಸುವುದೇ ಇಲ್ಲ, ಇನ್ನು ಕೆಲವೆಡೆ ಒಂದೇ ಸೂರಿನಡಿಯಿಂದ ಎರಡು ಮೂರು ವಿವರ ಹೋಗುತ್ತವೆ. ಆದರೆ ಎಲ್ಲ ಕೌಂಟಿಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಕಡತ ಹೀಗಿರುವ ಕಡೆ ನಡುವಿನ ಮನೆಯ ಆದಾಯ ಸಾಮಾನ್ಯವಾಗಿ ಎಷ್ಟಿರುತ್ತದೆ ಎಂಬ ನಂಟು ಸಿಗುತ್ತದೆ. ಆ ನಂಟಿನಿಂದ ಒಂದು ಅಂದಾಜು, ಸಮೀಕ್ಷೆಯಿಂದ ಇನ್ನೊಂದು. ಎರಡನ್ನೂ ಬೆರೆಸುತ್ತಾರೆ. ಹ್ಯಾರಿಸ್‌ನಂಥ ಕಡೆ ಸಮೀಕ್ಷೆಯ ಮಾತೇ ನಡೆಯುತ್ತದೆ. ಲವಿಂಗ್‌ನಂಥ ಕಡೆ ಕಡತದ ನಂಟಿಗೆ ಹೆಚ್ಚು ತೂಕ. ಯಾವುದು ಎಷ್ಟು ತಪ್ಪಬಹುದು ಎಂಬುದರ ಮೇಲೆ ಆ ತೂಕ ನಿರ್ಧಾರವಾಗುತ್ತದೆ. ರಾಬರ್ಟ್ ಫೇ, ರೋಜರ್ ಹೆರಿಯಟ್ ಎಂಬಿಬ್ಬರು ಸಣ್ಣ ಊರುಗಳ ಆದಾಯಕ್ಕಾಗಿ ಈ ದಾರಿಯನ್ನು 1979ರಲ್ಲಿ ಪ್ರಕಟಿಸಿದರು. ಮುಂದೆ ಈ ವಿದ್ಯೆಗೆ ಎಲ್ಲರೂ ಆಧರಿಸುವ ಗ್ರಂಥವನ್ನು 2003ರಲ್ಲಿ ಬರೆದವರು ಆಂಧ್ರದಿಂದ ಹೋಗಿ ಕೆನಡಾದಲ್ಲಿ ನೆಲೆಸಿದ ಜೆ.ಎನ್.ಕೆ. ರಾವ್.

ಇಷ್ಟೆಲ್ಲ ಶ್ರಮ ಯಾಕೆ ಎಂದು ಕೇಳುತ್ತೀರಿ. ಮೇಷ್ಟ್ರೇ, ಇದರ ಬೇರು ನಿಮ್ಮ ವೃತ್ತಿಯಲ್ಲೇ ಇದೆ. 1928ರಲ್ಲಿ ಟೆಕ್ಸಸ್‌ನ ಕೊಟುಲ್ಲ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಒಬ್ಬ ತರುಣ ಪಾಠ ಹೇಳುತ್ತಿದ್ದ. ತಿಂಡಿಯಿಲ್ಲದೆ ಹಸಿದು ತರಗತಿಗೆ ಬರುತ್ತಿದ್ದ ಆ ಮಕ್ಕಳನ್ನು ಅವನು ಮರೆಯಲಿಲ್ಲ. ಅಧ್ಯಕ್ಷ ಲಿಂಡನ್ ಜಾನ್ಸನ್ ಆಗಿ, 1965ರಲ್ಲಿ, ತಾನು ಓದಿದ್ದ ಹಳ್ಳಿಶಾಲೆಯ ಬಳಿ ತನ್ನ ಮೊದಲ ಟೀಚರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿಕ್ಷಣ ಕಾಯ್ದೆಗೆ ಸಹಿ ಹಾಕಿದ. ಬಡ ಮಕ್ಕಳು ಎಲ್ಲಿ ಹೆಚ್ಚೋ ಅಲ್ಲಿನ ಶಾಲೆಗಳಿಗೆ ಹೆಚ್ಚು ಹಣ ಎಂಬುದು ಅದರ ತಿರುಳು. ಆದರೆ ಆಗ ಆ ಮಕ್ಕಳ ಎಣಿಕೆ ಹತ್ತು ವರ್ಷಕ್ಕೊಮ್ಮೆ ಬರುವ ಗಣತಿಯದಾಗಿತ್ತು. ಗಣತಿಯ ಮರುವರ್ಷ ಊರಿನ ಗಿರಣಿ ಮುಚ್ಚಿದರೆ, ಒಂದನೇ ಕ್ಲಾಸಿನ ಮಗು ಹೈಸ್ಕೂಲು ಸೇರುವ ಹೊತ್ತಿಗೂ ಆ ಬಡತನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಾಜಾ ಅಂದಾಜುಗಳನ್ನೇ ಬಳಸಬೇಕೆಂದು 1994ರ ಕಾಯ್ದೆ ಬಂದ ಮೇಲೆ, ಕೌಂಟಿವಾರು ಬಡತನ ಮತ್ತು ಮಧ್ಯಾಂಕ ಆದಾಯ ಎರಡನ್ನೂ ಒಂದೇ ಕಾರ್ಯಕ್ರಮದಡಿ ಅಂದಾಜಿಸತೊಡಗಿದರು.

ಇನ್ನೊಂದು ಮಾತು. ಪ್ರತಿ ಅಂದಾಜಿನ ಪಕ್ಕದಲ್ಲಿ ಎರಡು ಸಂಖ್ಯೆ ಇರುತ್ತವೆ, ಕೆಳಮಿತಿ ಮತ್ತು ಮೇಲ್ಮಿತಿ. ನೂರಕ್ಕೆ ತೊಂಬತ್ತರ ಭರವಸೆಯ ವ್ಯಾಪ್ತಿ ಅದು. ಸುದ್ದಿಯಲ್ಲಿ ಅವನ್ನು ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಇಡೀ ಪಟ್ಟಿಯಲ್ಲಿ ಅವೇ ಎಲ್ಲಕ್ಕಿಂತ ಪ್ರಿಯ. ಮಗಳಿಗೆ ಹೇಳಿ ಹ್ಯಾರಿಸ್, ಲವಿಂಗ್, ಹಾಗೇ ಕೊಟುಲ್ಲ ಇರುವ ಲಾ ಸಾಲ್, ಈ ಮೂರು ಕೌಂಟಿಗಳ ಸಾಲನ್ನು ತೆಗೆಸಿ. ಎರಡು ಮಿತಿಗಳ ನಡುವಿನ ಅಂತರ ಯಾವುದಕ್ಕೆ ಎಷ್ಟು ಅಗಲ ಎಂದು ನೋಡಿ ಬರೆಯಿರಿ. ಕಾಯುತ್ತಿರುತ್ತೇನೆ.

ನಿಮ್ಮ ಹಳೆಯ ವಿದ್ಯಾರ್ಥಿ