ಪಿತ್ತ ನೆತ್ತಿಗೇರುವ ಕಾಲ

ಯಾರಾದರೂ ಸುಮ್‌ಸುಮ್ನೆ ರೇಗಾಡಿದರೆ ನಾವು ‘ಪಿತ್ತ ನೆತ್ತಿಗೇರಿದೆ’ ಅಂತೀವಲ್ಲ, ಚೀನೀಯರು ಅದಕ್ಕೆ ‘ಗಾನ್ ಹುವೊ’ ಅಂತಾರೆ. ಗಾನ್ ಅಂದ್ರೆ ಲಿವರ್, ಹುವೊ ಅಂದ್ರೆ ಬೆಂಕಿ. ಮುದ್ದಿನ ಮಗುವನ್ನು ನಾವು ಕರುಳಿನ ಕುಡಿ ಅಂದರೆ ಅವರು ‘ಶಿನ್ ಗಾನ್’ ಅಂತಾರೆ. ಹೃದಯವೂ ನೀನೇ, ಲಿವರೂ ನೀನೇ ಅಂತ! ಇದನ್ನೆಲ್ಲ ನನಗೆ ಹೇಳಿಕೊಟ್ಟಿದ್ದು ಶಾಂಘೈ ಮೂಲದ ಒಬ್ಬ ಸಹೋದ್ಯೋಗಿ. ಫೆಬ್ರವರಿ ಬಂತೆಂದರೆ ಅವಳ ಫ್ಲಾಸ್ಕಿನಲ್ಲಿ ಒಣಗಿದ ಸೇವಂತಿಗೆ ಹೂವು, ಕೆಂಪು ಗೋಜಿ ಹಣ್ಣು ತೇಲತೊಡಗುತ್ತವೆ. ಯಾಕೆ ಅಂತ ಕೇಳಿದರೆ, "ವಸಂತ ಬಂತಲ್ಲ, ಲಿವರ್ ನೋಡ್ಕೋಬೇಕು" ಅಂತಾಳೆ.

ಚೀನೀ ಪಂಚಾಂಗದಲ್ಲಿ ಫೆಬ್ರವರಿ 4ರ ಆಸುಪಾಸಿಗೇ ವಸಂತ ಶುರು. ಅವರ ವೈದ್ಯದಲ್ಲಿ ಐದು ತತ್ವಗಳು: ಮರ, ಬೆಂಕಿ, ಮಣ್ಣು, ಲೋಹ, ನೀರು. ಲಿವರ್ ಮರದ ಪಾಲಿಗೆ ಬರುತ್ತೆ. ವಸಂತ ಋತು, ಪೂರ್ವ ದಿಕ್ಕು, ಹಸಿರು ಬಣ್ಣ, ಹುಳಿ ರುಚಿ, ಕಣ್ಣು ಮತ್ತು ಸಿಟ್ಟು, ಇವೆಲ್ಲ ಅದೇ ಮರದ ಕೊಂಬೆಗಳು. ಚಿಗುರೋ ಕಾಲದಲ್ಲಿ ಮರವನ್ನು ಕಟ್ಟಿಹಾಕಬಾರದು. ಅದಕ್ಕೇ ಎರಡು ಸಾವಿರ ವರ್ಷಗಳಷ್ಟು ಹಳೆಯ ‘ಹುವಾಂಗ್ದಿ ನೇಯ್‌ಜಿಂಗ್’ ಗ್ರಂಥದಲ್ಲಿ ವಸಂತಕ್ಕೆ ಹೇಳಿರೋದು ಔಷಧಿಯನ್ನಲ್ಲ. ಬೆಳಿಗ್ಗೆ ಬೇಗ ಏಳಿ, ಅಂಗಳದಲ್ಲಿ ಆರಾಮಾಗಿ ಓಡಾಡಿ, ಬಿಗಿದ ಕೂದಲು ಬಿಚ್ಚಿ, ಮನಸ್ಸನ್ನು ಹಿಡಿದಿಡಬೇಡಿ, ಇಷ್ಟೇ ಅದರ ಸಾರ.

ಏಳನೇ ಶತಮಾನದ ವೈದ್ಯ ಸುನ್ ಸಿಮಿಯಾವೊ ಊಟದ ಲೆಕ್ಕವನ್ನೂ ಸೇರಿಸಿದ: ವಸಂತದಲ್ಲಿ ಹುಳಿ ಕಡಿಮೆ ಮಾಡಿ, ಸಿಹಿ ಹೆಚ್ಚಿಸಿ. ಹುಳಿ ಲಿವರಿನ ರುಚಿ ಅಲ್ವಾ, ಮತ್ತೆ ಯಾಕೆ ಕಡಿಮೆ? ವಸಂತದಲ್ಲಿ ಅದು ಮೊದಲೇ ಬಲವಾಗಿರುತ್ತೆ, ಇನ್ನೂ ಉಬ್ಬಿಸಿದರೆ ಪಕ್ಕದ ಗುಲ್ಮವನ್ನು ತುಳಿಯುತ್ತೆ, ಸಿಹಿ ಆ ಗುಲ್ಮವನ್ನು ಕಾಯುತ್ತೆ ಅನ್ನೋ ತರ್ಕ. ಸಿಹಿ ಅಂದ್ರೆ ಮೈಸೂರು ಪಾಕ್ ಅಲ್ಲ ಮತ್ತೆ! ಅನ್ನ, ಗೆಣಸಿನಂಥ ಗಡ್ಡೆ, ಕೆಂಪು ಬೋರೆಹಣ್ಣು ಇಂಥವು. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬದಲ್ಲಿ ಶಾಂಘೈ ಕಡೆ ಸೊಪ್ಪಿನ ರಸ ಹಾಕಿ ಹಸಿರು ಅಕ್ಕಿ ಉಂಡೆ ಮಾಡ್ತಾರೆ, ಹಿರಿಯರ ಸಮಾಧಿಗೆ ಹೋಗಿ ಬರ್ತಾರೆ, ಹಸಿರಲ್ಲಿ ನಡೆದಾಡ್ತಾರೆ. ನನಗಂತೂ ಇದೆಲ್ಲ ತುಂಬಾ ಇಷ್ಟವಾಯ್ತು.

ಆದರೆ ಒಂದು ವಿಷಯ ತಿಳ್ಕೋಬೇಕು. ಈ ‘ಗಾನ್’ ಮತ್ತು ಸ್ಕ್ಯಾನಿಂಗ್‌ನಲ್ಲಿ ಕಾಣೋ ಲಿವರ್ ಒಂದೇ ಅಲ್ಲ. ಗಾನ್ ಅನ್ನೋದು ಸಿಟ್ಟು, ಕಣ್ಣು, ನಿದ್ದೆ ಎಲ್ಲವನ್ನೂ ಒಂದು ದಾರಕ್ಕೆ ಪೋಣಿಸಿದ ಹೆಸರು. ವೈರಸ್ಸಿಗೆ ಆ ದಾರದ ಪರಿಚಯವಿಲ್ಲ.

1988ರ ಜನವರಿಯಿಂದ ಮಾರ್ಚ್‌ವರೆಗೆ, ಚಳಿಗಾಲ ಮುಗಿದು ವಸಂತ ಶುರುವಾಗೋ ಹೊತ್ತಿಗೇ, ಶಾಂಘೈನಲ್ಲಿ ಸುಮಾರು 3 ಲಕ್ಷ ಜನಕ್ಕೆ ಹೆಪಟೈಟಿಸ್ ಎ ಬಂತು. ಕಾರಣ, ಕೊಳಕು ನೀರಲ್ಲಿ ಬೆಳೆದ ಕಪ್ಪೆಚಿಪ್ಪನ್ನು ಬಿಸಿನೀರಲ್ಲಿ ಅದ್ದಿ ಅರೆಬೆಂದ ಹಾಗೇ ತಿಂದಿದ್ದು. ಜನ ‘ಬಾನ್‌ಲಾನ್‌ಗೆನ್’ ಅನ್ನೋ ಬೇರಿನ ಔಷಧಿಗೆ ಅಂಗಡಿಗಳಿಗೆ ಮುಗಿಬಿದ್ದರು. ಬಹುತೇಕ ಎಲ್ಲರೂ ಗುಣವಾದರು. ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುತ್ತೆ, ಹೆಸರು ಮಾತ್ರ ಕುಡಿದ ಕಷಾಯಕ್ಕೆ! ನಮ್ಮೂರುಗಳಲ್ಲಿ ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡೋರಿಗೆ ಸಿಕ್ಕ ಹೆಸರಲ್ಲೂ ಇದರ ಪಾಲು ಸಾಕಷ್ಟಿದೆ ಅನ್ಸುತ್ತೆ.

ಹೆಪಟೈಟಿಸ್ ಬಿ ಹಾಗಲ್ಲ. ಹುಟ್ಟುವಾಗ ತಾಯಿಯಿಂದ ಬಂದರೆ ಹೆಚ್ಚಾಗಿ ಜೀವನಪೂರ್ತಿ ಉಳಿದುಬಿಡುತ್ತೆ, ನೋವಿಲ್ಲದೆ, ಸದ್ದಿಲ್ಲದೆ. ಸಿರೋಸಿಸ್ಸೋ ಕ್ಯಾನ್ಸರೋ ಆದಾಗಲೇ ಎಷ್ಟೋ ಜನಕ್ಕೆ ಗೊತ್ತಾಗೋದು. 1992ರ ಸಮೀಕ್ಷೆಯಲ್ಲಿ ಚೀನಾದ 5 ವರ್ಷದೊಳಗಿನ ಮಕ್ಕಳಲ್ಲಿ 100ಕ್ಕೆ ಸುಮಾರು 10 ಮಕ್ಕಳಿಗೆ ಈ ಸೋಂಕಿತ್ತು. 2006ರ ಹೊತ್ತಿಗೆ ಅದು 100ಕ್ಕೆ ಒಂದಕ್ಕೆ ಇಳಿದಿತ್ತು. ಇಳಿಸಿದ್ದು ಸೇವಂತಿಗೆಯಲ್ಲ, ಹುಟ್ಟಿದ ತಕ್ಷಣ ಕೊಡೋ ಲಸಿಕೆ.

ಇನ್ನು ‘ಲಿವರ್‌ಗೆ ಒಳ್ಳೇದು’ ಅನ್ನೋ ಗಿಡಮೂಲಿಕೆಗಳ ಕಥೆ. ಕೂದಲು ಕಪ್ಪಾಗಲಿ, ಲಿವರ್ ಗಟ್ಟಿಯಾಗಲಿ ಅಂತ ಅಲ್ಲಿನವರು ತಿನ್ನೋ ‘ಹೆ ಶೌ ವು’ ಬೇರಿನಿಂದ ಲಿವರ್‌ಗೇ ಪೆಟ್ಟು ಬೀಳಬಹುದು ಅಂತ 2014ರಲ್ಲಿ ಚೀನಾದ ಔಷಧ ನಿಯಂತ್ರಣ ಸಂಸ್ಥೆಯೇ ಎಚ್ಚರಿಸಿತು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್ ತೊಂದರೆ ವರದಿ ಮಾಡಿದಾಗ ನಮ್ಮ ಆಯುಷ್ ಸಚಿವಾಲಯ ಒಪ್ಪಲಿಲ್ಲ, ದೊಡ್ಡ ಚರ್ಚೆಯೇ ಆಯ್ತು.

ನನ್ನ ಸಹೋದ್ಯೋಗಿಯ ಅಪ್ಪನಿಗೆ ಹೆಪಟೈಟಿಸ್ ಬಿ ಇದೆ. ದಿನಾ ಒಂದು ಮಾತ್ರೆ, ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗು ಮತ್ತು ರಕ್ತಪರೀಕ್ಷೆ. ವಸಂತ ಬಂದಾಗ ವೈದ್ಯರಿಗೆ ಹೇಳಿಯೇ ಸೇವಂತಿಗೆ ನೀರನ್ನೂ ಕುಡೀತಾರೆ, ಬೆಳಿಗ್ಗೆ ಪಾರ್ಕಲ್ಲಿ ಕೈಬೀಸಿಕೊಂಡು ನಡೀತಾರೆ. "ಹೂವಿನ ನೀರು ಅಪ್ಪನ ಸಿಟ್ಟಿಗೆ, ಮಾತ್ರೆ ಅಪ್ಪನ ಲಿವರ್‌ಗೆ. ಯಾವತ್ತೂ ಅದಲು ಬದಲು ಮಾಡಿಲ್ಲ" ಅಂದಳು.

ಭಾರತದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಲಸಿಕೆ ದೇಶದಾದ್ಯಂತ ಬಂದಿದ್ದು 2011ರಲ್ಲಿ. ಅಂದ್ರೆ ಇದನ್ನು ಓದ್ತಾ ಇರೋ ನಮ್ಮಲ್ಲಿ ಅನೇಕರಿಗೆ ಚಿಕ್ಕಂದಿನಲ್ಲಿ ಅದು ಸಿಕ್ಕಿರಲಿಕ್ಕಿಲ್ಲ. ಒಂದು ಸಣ್ಣ ರಕ್ತಪರೀಕ್ಷೆ ಮಾಡಿಸಿ, ಸೋಂಕಿಲ್ಲದಿದ್ದರೆ ವೈದ್ಯರನ್ನು ಕೇಳಿ ಲಸಿಕೆ ಹಾಕಿಸ್ಕೊಳ್ಳಿ. ಆಮೇಲೆ ಯುಗಾದಿ ಹೊತ್ತಿಗೆ ಬೇವಿನ ಮರದ ಕೆಳಗೆ ಒಂದು ಸುತ್ತು ಹಾಕೋದು ಇದ್ದೇ ಇದೆ...