ಸೋಗಾನೆಯಿಂದ ದೇವನಹಳ್ಳಿಗೆ

ಶಿವಮೊಗ್ಗೆಯ ಸಮೀಪದ ಸೋಗಾನೆಯಲ್ಲಿ ಕುವೆಂಪು ಅವರ ನಾಮಾಂಕಿತವಾದ ವಿಮಾನನಿಲ್ದಾಣವು 2023ನೆಯ ಇಸವಿ ಫೆಬ್ರವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನವು ಬಂದಿಳಿದುದನ್ನು ವಾಚಕರು ಬಲ್ಲರು. ಅಂದಿನಿಂದ ನಮ್ಮ ಹೊನ್ನಾಳಿಯ ಜಗಲಿಗಳಲ್ಲಿ ಒಂದು ಮಾತು ಹುಟ್ಟಿತು: “ಇನ್ನು ಬೆಂಗಳೂರು ಒಂದು ಗಂಟೆಯ ದಾರಿ.” ಆ ಒಂದು ಗಂಟೆ ಎಲ್ಲಿಂದ ಎಲ್ಲಿಗೆ ಎಂಬುದನ್ನು ಮಾತ್ರ ಯಾರೂ ವಿಚಾರಿಸಲಿಲ್ಲ.

ಸೋಗಾನೆಗೂ ದೇವನಹಳ್ಳಿಯ ನಿಲ್ದಾಣಕ್ಕೂ ದಾರ ಹಿಡಿದಂತೆ ನೇರವಾಗಿ ಅಳೆದರೆ ಸುಮಾರು 240 ಕಿಲೋಮೀಟರು. ಈ ಮಾರ್ಗಕ್ಕೆ ಬಂದ ಎ.ಟಿ.ಆರ್. ವಿಮಾನವು ಗಂಟೆಗೆ 500 ಕಿಲೋಮೀಟರಿನಷ್ಟು ವೇಗದಿಂದ ಹಾರಬಲ್ಲದು. ತ್ರೈರಾಶಿಕವನ್ನು ಕಲಿತ ಬಾಲಕನು ಅರ್ಧ ಗಂಟೆಯೆಂದು ಉತ್ತರವಿತ್ತಾನು. ಆದರೆ ವೇಳಾಪಟ್ಟಿಯ ಕಾಲವು ವಿಮಾನವು ನಿಂತ ಎಡೆಯನ್ನು ಬಿಟ್ಟಂದಿನಿಂದ ಇನ್ನೊಂದೆಡೆ ನಿಲ್ಲುವವರೆಗಿನದು. ನೆಲದ ಮೇಲೆ ಉರುಳುವುದು, ಮೆಲ್ಲನೆ ಮೇಲೇರುವುದು, ಬೆಂಗಳೂರಿನಲ್ಲಿ ಇಳಿಯಲು ಸರದಿ ಕಾಯುವುದು, ಇವೆಲ್ಲವೂ ಅದರಲ್ಲಿ ಸೇರಿ ಗಂಟೆಯಾಗುವುದು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಶ್ರೀರಾಮನು ಸೀತೆಗೆ ಸಮುದ್ರವನ್ನೂ ವನಗಳನ್ನೂ ತೋರಿಸುತ್ತ ಬರುವನು, ಪುಷ್ಪಕಕ್ಕೆ ವೇಳಾಪಟ್ಟಿಯಿರಲಿಲ್ಲವಷ್ಟೆ!

ಕಳೆದ ಮಳೆಗಾಲದಲ್ಲಿ ಬೆಂಗಳೂರಿನಲ್ಲಿದ್ದ ನಮ್ಮ ಅಕ್ಕನವರಿಗೆ ಹಠಾತ್ತಾಗಿ ಶಸ್ತ್ರಚಿಕಿತ್ಸೆ ನಿಶ್ಚಯವಾಯಿತು. “ಮಾವ, ನಾಳೆ ಮಧ್ಯಾಹ್ನ ಮೂರಕ್ಕೆ ಒಳಗೆ ಕರೆದೊಯ್ಯುತ್ತಾರೆ. ಅಮ್ಮ ನಿಮ್ಮನ್ನೇ ಕೇಳುತ್ತಿದ್ದಾಳೆ” ಎಂದು ಸೋದರಳಿಯನು ಫೋನು ಮಾಡಿದನು. ಸೊಂಟದ ನೋವಿನಿಂದ ನಾವು ಬಹಳ ಹೊತ್ತು ಕುಳಿತು ಪ್ರಯಾಣಿಸಲಾರೆವಾದುದರಿಂದ ವಿಮಾನವನ್ನೇ ಹಿಡಿದೆವು. ಬೆಳಗಿನ ಎಂಟಕ್ಕೆ ಮನೆ ಬಿಟ್ಟು, 50 ಕಿಲೋಮೀಟರಿನಷ್ಟು ದೂರದ ಸೋಗಾನೆಯನ್ನು ಸೇರಿ, ತಪಾಸಣೆಗಳನ್ನು ಮುಗಿಸಿ ಕುಳಿತೆವು. ಮೇಲೇರಿದ ಸ್ವಲ್ಪ ಹೊತ್ತಿಗೆಲ್ಲ ಭದ್ರೆಯು ಅಡಕೆಯ ತೋಟಗಳ ನಡುವೆ ಕೆಂಪಾಗಿ ಕಂಡು ಮೋಡದಲ್ಲಿ ಮರೆಯಾದಳು. ಚಕ್ರವು ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗೆ ನಮ್ಮ ಗಡಿಯಾರದಲ್ಲಿ 45 ನಿಮಿಷ. ದೇವನಹಳ್ಳಿಯಿಂದ ಊರೊಳಗೆ ಮತ್ತೆ ಒಂದೂವರೆ ಗಂಟೆ. ಆಸ್ಪತ್ರೆಯನ್ನು ಹೊಕ್ಕಾಗ ಎರಡು ಹೊಡೆದಿತ್ತು. ಅಕ್ಕನವರು ನಮ್ಮ ಕೈಯನ್ನು ಹಿಡಿದುಕೊಂಡು, “ಊಟ ಮಾಡಿದೆಯೇನೋ?” ಎಂದರು.

ಅಂತು ಆರು ಗಂಟೆ. ಮನೆಯ ಮುಂದಿನಿಂದ ಕಾರಿನಲ್ಲಿಯೇ ಹೊರಟಿದ್ದರೂ ಹೆಚ್ಚುಕಡಿಮೆ ಅಷ್ಟೇ. ಶಿವಮೊಗ್ಗೆಯವರಿಗೆ ಲಾಭವುಂಟು, ನಮಗೆ ಸೊಂಟಕ್ಕೆ ಮಾತ್ರ ಲಾಭ. ಸ್ಕಾಟ್‌ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ಎಂಬೆರಡು ಪುಟ್ಟ ನಿಲ್ದಾಣಗಳ ನಡುವೆ ಮೂರು ಕಿಲೋಮೀಟರಿಗಿಂತ ಕಡಿಮೆ ದೂರವನ್ನು 1967ರಿಂದಲೂ ಎರಡೇ ನಿಮಿಷಗಳಲ್ಲಿ ಹಾರುತ್ತಾರೆ. ನಡುವೆ ಸಮುದ್ರವಿರುವುದರಿಂದ ಅಲ್ಲಿ ಆ ಎರಡು ನಿಮಿಷಕ್ಕೂ ಬೆಲೆಯುಂಟು.

ಅಕ್ಕನವರು ಚೇತರಿಸಿಕೊಂಡ ಮೇಲೆ ನಾವು ಹಿಂದಿರುಗಿದ ದಿನ ಸೋಗಾನೆಯ ಮೇಲೆ ಮೋಡವು ತೀರ ಕೆಳಗಿಳಿದಿತ್ತು. ಓಡುದಾರಿಯು ಕಾಣದೆ ವಿಮಾನವು ಕೆಲಕಾಲ ಸುತ್ತಿ, ನಮ್ಮನ್ನು ದೇವನಹಳ್ಳಿಗೇ ಮರಳಿ ತಂದಿಳಿಸಿತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಕಿಟಕಿಯಿಂದ ನೋಡಿ, “ಶಿವಮೊಗ್ಗ ಇಷ್ಟು ದೊಡ್ಡದಾಯಿತೇ?” ಎಂದು ಬೆರಗಾದಳು. ಆ ರಾತ್ರಿ ಬಸ್ಸನ್ನು ಹತ್ತಿ ಬೆಳಗಿನ ಜಾವಕ್ಕೆ ಹೊನ್ನಾಳಿಯಲ್ಲಿ ಇಳಿದಾಗ ತುಂಗಭದ್ರೆಯ ಸೇತುವೆಯ ಮೇಲೆಯೂ ಅದೇ ಮಂಜು ಕವಿದಿತ್ತು.